ಉ: ಲೋಲಕದಲ್ಲಿ ಜಿ 9.2 ಬರ್ತಿದೆ, ಪುಣೆ ಎತ್ತರದಲ್ಲಿರೋದಕ್ಕಾ?

ದಾರಕ್ಕೆ ಬೀಗ ಕಟ್ಟಿ, ಮೊಳೆಯಿಂದ ತೂಗಾಡಿಸಿ ಜಿ (ಭೂಮಿಯ ಗುರುತ್ವದಿಂದಾಗೋ ವೇಗೋತ್ಕರ್ಷ, ಮೀಟರ್/ಸೆಕೆಂಡ್² ಲೆಕ್ಕದಲ್ಲಿ) ಅಳೆದ್ರೆ 9.2 ಬರ್ತಿದೆ ಅಂದ್ರಿ, ಅದಕ್ಕೆ ಪುಣೆ ಎತ್ತರ ಕಾರಣ ಅಲ್ಲ, ಉದ್ದ ಅಳೆದಿರೋದ್ರಲ್ಲೇ ತಪ್ಪಿರ್ಬೇಕು. ಪುಣೆ ಸುಮಾರು 560 ಮೀಟರ್ ಮೇಲಿದ್ರೂ ಮುಂಬೈಗಿಂತ ಜಿ ಕಮ್ಮಿಯಾಗೋದು 0.002ರಷ್ಟು ಮಾತ್ರ. 50 ಸೆಂಟಿಮೀಟರ್ ದಾರ ಅಂದ್ರಲ್ಲ, ಅದು ಗಂಟಿನವರೆಗೆ ಅಳೆದಿದ್ದು ಅನ್ಸತ್ತೆ, ಬೀಗದ ಸೈಜ್ ಹೇಳಿಲ್ಲ ಹಾಗಾಗಿ ಪಕ್ಕಾ ಹೇಳಕ್ಕಾಗಲ್ಲ, ಆದ್ರೆ ಬೀಗದ ಮಧ್ಯಭಾಗ ಗಂಟಿಗಿಂತ 3 ಸೆಂಟಿಮೀಟರ್ ಕೆಳಗಿದ್ರೂ ಸಾಕು, 9.78 ಬರ್ಬೇಕಾದ್ದು 9.2 ಆಗ್ಬಿಡತ್ತೆ. ನಮ್ಮ ಮಗಳ ಪ್ರಾಜೆಕ್ಟಲ್ಲೂ ಇದೇ ಆಗಿತ್ತು.

ಮೊದ್ಲು ದಾರ ಉದ್ದ ಮಾಡಿ, ಮೇಲಿನ ಮೊಳೆಯಿಂದ ಬೀಗದ ಮಧ್ಯಕ್ಕೆ ಸರಿಯಾಗಿ 1 ಮೀಟರ್ ಬರೋ ಹಾಗೆ. ಫ್ಯಾನ್ ಆಫ್ ಮಾಡಿ, ಒಂದು ಗೇಣಿಗಿಂತ ಕಮ್ಮಿ ಎಳೆದು ಸುಮ್ನೆ ಬಿಡಿ, ತಳ್ಳಬೇಡಿ. ಬೀಗ ನಡು ದಾಟುವಾಗ ‘ಸೊನ್ನೆ’ ಅಂತ ಸ್ಟಾಪ್‌ವಾಚ್ ಒತ್ತಿ, ಆಮೇಲೆ ಅದೇ ದಿಕ್ಕಲ್ಲಿ ದಾಟಿದಾಗ ಮಾತ್ರ ಒಂದು, ಎರಡು ಅಂತ 20ರವರೆಗೆ ಎಣಿಸಿ. 40.2 ಸೆಕೆಂಡ್ ಹತ್ರ ಬರತ್ತೆ. ಅದನ್ನ 20ರಿಂದ ಭಾಗಿಸಿ, ಬಂದಿದ್ದನ್ನ ವರ್ಗ ಮಾಡಿ, 39.48ನ (ಅಂದ್ರೆ 4 × ಪೈ ವರ್ಗ × 1 ಮೀಟರ್ ಉದ್ದ) ಅದ್ರಿಂದ ಭಾಗಿಸಿದ್ರೆ ಜಿ.

ಭಾರದ ಬೀಗ ಹಾಕ್ಲಾ ಅಂತ ಕೇಳಿದ್ರಿ, ಬೇಡ. ಭೂಮಿ ಅದನ್ನ ಜಾಸ್ತಿ ಎಳೆಯತ್ತೆ ನಿಜ, ಆದ್ರೆ ಅದನ್ನ ಅಲುಗಿಸೋಕೂ ಅಷ್ಟೇ ಪಟ್ಟು ಜಾಸ್ತಿ ಬಲ ಬೇಕು, ಸಮಯ ಬದಲಾಗಲ್ಲ. ಸಣ್ಣ, ದುಂಡಗಿನ ತೂಕ ಸಿಕ್ರೆ ಅದನ್ನೇ ಕಟ್ಟಿ, ಮಧ್ಯ ಅಳೆಯೋದು ಸುಲಭ.