ಸಿಂಕ್ ಕೆಳಗಿನ ಸೋರಿಕೆಗೆ ಎಂ-ಸೀಲ್ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ಬೆಂಗಳೂರಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ ನಮ್ಮದು. ಅಡುಗೆಮನೆ ಸಿಂಕಿನ ಕೆಳಗಿನ ಪೈಪ್ ಸೋರುತ್ತಿದೆ. ಎರಡು ಸಲ ಎಂ-ಸೀಲ್ ಮೆತ್ತಿದೆವು, ವಾರದೊಳಗೆ ಮತ್ತೆ ತೊಟ್ಟಿಕ್ಕಲು ಶುರುವಾಯಿತು. ‘ನೀವೇ ಮಾಡಿಸಿಕೊಳ್ಳಿ’ ಎನ್ನುತ್ತಾರೆ ಓನರ್. ನಾವೇ ಸರಿ ಮಾಡಬಹುದೇ? ಖರ್ಚು ಯಾರದು?

ಉತ್ತರ: ಸುಕ್ಕುಸುಕ್ಕಾದ ವೇಸ್ಟ್ ಪೈಪಿಗೆ ಎಂ-ಸೀಲ್ ಹಿಡಿಯುವುದಿಲ್ಲ. ಮೇಲೆ ಎಣ್ಣೆಜಿಡ್ಡು ಇರುತ್ತದೆ, ಡಬ್ಬ ಸರಿಸಿದಾಗೆಲ್ಲ ಪೈಪ್ ಅಲುಗುತ್ತದೆ. ಒಣಗಿದ ಎಂ-ಸೀಲ್ ಮಾತ್ರ ಕಲ್ಲಿನ ಹಾಗೆ ಬಿಗಿದಿರುತ್ತದೆ, ಹಾಗಾಗಿ ಅಂಚಿನಿಂದಲೇ ಬಿಟ್ಟುಕೊಳ್ಳುತ್ತದೆ.

ಮೊದಲು ಸೋರುವ ಜಾಗ ಹಿಡಿಯಿರಿ. ಎಲ್ಲವನ್ನೂ ಒಣಬಟ್ಟೆಯಲ್ಲಿ ಒರೆಸಿ, ಕೆಳಗೆ ನ್ಯೂಸ್‌ಪೇಪರ್ ಹಾಸಿ, ಜಾಲಿ ಮುಚ್ಚಿ ಸಿಂಕಿನಲ್ಲಿ ಅರ್ಧದಷ್ಟು ನೀರು ನಿಲ್ಲಿಸಿ. ನೀರು ಬಿಡುವ ಮೊದಲೇ ಹನಿ ಬಿದ್ದರೆ ದೋಷ ಸಿಂಕ್ ಮತ್ತು ಕಪ್ಲಿಂಗ್ (ಸಿಂಕಿನ ತೂತಿಗೆ ಕೂರುವ, ಪೈಪ್ ಸಿಕ್ಕಿಸುವ ಭಾಗ) ನಡುವೆ ಇದೆ. ಬಿಟ್ಟ ಕೂಡಲೇ ಬಿದ್ದರೆ ನಟ್ಟಿನ ಬಳಿ, ಇಲ್ಲವೇ ಪೈಪಿನ ಮೈಯಲ್ಲಿ. ಸ್ವಲ್ಪ ಹೊತ್ತು ಬಿಟ್ಟು, ಪೈಪ್ ಇಳಿಯುವ ನೆಲದ ಬಾಯಿಂದ ನೀರು ಉಕ್ಕಿದರೆ ಅದು ಸೋರಿಕೆಯೇ ಅಲ್ಲ, ಮುಂದೆ ಎಲ್ಲೋ ಕಟ್ಟಿಕೊಂಡಿದೆ. ಪೈಪ್ ಬದಲಿಸಿ ಪ್ರಯೋಜನವಿಲ್ಲ.

ನಮ್ಮ ಅಡುಗೆಮನೆಗಳಲ್ಲಿ ಹೆಚ್ಚಾಗಿ ಹೋಗುವುದು ಪೈಪಿನ ಮೈಯೇ. ಕುದಿಯುವ ಗಂಜಿಯನ್ನು ನೇರ ಸಿಂಕಿಗೆ ಬಸಿದರೆ ತೆಳು ಪಿವಿಸಿ ಮೆತ್ತಗಾಗಿ, ಬಾಗಿದ ಕಡೆ ಸುಕ್ಕಿನ ಪದರಗಳ ನಡುವೆ ಸಣ್ಣ ಸೀಳು ಬಿಡುತ್ತದೆ. ಗಂಜಿ ಬಸಿಯುವಾಗ ನಲ್ಲಿ ತಣ್ಣೀರನ್ನೂ ಬಿಟ್ಟಿರಿ. ಸೀಳಿದ ಪೈಪಿಗೆ ರಿಪೇರಿ ಇಲ್ಲ, ಬದಲಿಸಬೇಕು.

ಹಳೇ ಪೈಪನ್ನೇ ಬಿಚ್ಚಿ ಹಾರ್ಡ್‌ವೇರ್ ಅಂಗಡಿಗೆ ಒಯ್ಯಿರಿ. ಅಡುಗೆಮನೆ ಸಿಂಕಿಗೆ ಸಾಮಾನ್ಯವಾಗಿ ಒಂದೂವರೆ ಇಂಚು (40 ಎಂಎಂ), ಕೈತೊಳೆಯುವ ಬೇಸಿನ್‌ಗೆ ಒಂದೂಕಾಲು ಇಂಚು (32 ಎಂಎಂ) ಅಳತೆ. ಒಂದರ ನಟ್ಟು ಇನ್ನೊಂದಕ್ಕೆ ಕೂರದು. ಪೈಪಿನ ಜೊತೆ ಹೊಸ ರಬ್ಬರ್ ವಾಷರ್ ತನ್ನಿ.

ಬಿಚ್ಚುವ ಮುಂಚೆ ಕೆಳಗೆ ಬಕೆಟ್ ಇಡಿ, ಬಾಗಿನಲ್ಲಿ ನಿಂತ ಕೊಳಕು ನೀರು ಒಮ್ಮೆಲೇ ಸುರಿಯುತ್ತದೆ. ಕಪ್ಲಿಂಗ್‌ನ ಥ್ರೆಡ್ಡನ್ನು (ನಟ್ಟು ತಿರುಗಿ ಕೂರುವ ಗೆರೆಗಳನ್ನು) ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ ವಾಷರ್ ಮಟ್ಟಸವಾಗಿ ಕೂರಿಸಿ. ಟೆಫ್ಲಾನ್ ಟೇಪ್ ಇಲ್ಲಿ ಬೇಡ. ನೀರು ತಡೆಯುವುದು ವಾಷರ್, ಥ್ರೆಡ್ ಅಲ್ಲ. ಟೇಪ್ ದಪ್ಪಗಾದರೆ ನಟ್ಟು ಪೂರ್ತಿ ಏರದೆ ಅದೇ ಸೋರಿಕೆಗೆ ಕಾರಣವಾಗುತ್ತದೆ. ನಟ್ಟನ್ನು ಕೈಯಲ್ಲಿ ಬಿಗಿಯಾಗುವವರೆಗೆ ತಿರುಗಿಸಿ, ಮೇಲೆ ಕಾಲು ಸುತ್ತು ಸಾಕು. ಸ್ಪ್ಯಾನರ್ ಹಾಕಿ ಎಳೆದರೆ ಪ್ಲಾಸ್ಟಿಕ್ ನಟ್ಟು ಸೀಳುತ್ತದೆ.

ಪೈಪಿನಲ್ಲಿ ‘ಯು’ ಆಕಾರದ ಒಂದು ಬಾಗು ಇರಲಿ, ಅದರಲ್ಲಿ ನಿಂತ ನೀರೇ ಚರಂಡಿ ವಾಸನೆ ತಡೆಯುವುದು. ಎರಡು ಬಾಗು ಬಿಟ್ಟರೆ ಜಿಡ್ಡು ಕಟ್ಟುತ್ತದೆ. ನೆಲದ ಬಾಯೊಳಗೆ ಮೂರು ನಾಲ್ಕು ಇಂಚು ಇಳಿಸಿ, ಸುತ್ತಲಿನ ಸಂದಿಗೆ ರಬ್ಬರ್ ಕಾಲರ್ ಹಾಕಿ. ಜಿರಲೆ ಬರುವ ದಾರಿ ಅದೇ.

ಕಪ್ಲಿಂಗ್ ಬಳಿ ಸೋರುತ್ತಿದ್ದರೆ ಅದನ್ನು ಕಳಚಿ, ಹಳೇ ಪುಟ್ಟಿ ಕೆರೆದು, ಪೂರ್ತಿ ಒಣಗಿಸಿ, ಅಂಚಿನಡಿ ಸಿಲಿಕೋನ್ ಸೀಲಂಟ್ ಹಚ್ಚಿ ಬಿಗಿಯಿರಿ. 24 ಗಂಟೆ ಆ ಸಿಂಕ್ ಬಳಸಬೇಡಿ. ಈ ನಿಯಮ ಪಾಲಿಸದೆ ಮರುದಿನ ಬೆಳಗ್ಗೆಯೇ ಪಾತ್ರೆ ತೊಳೆಯುವವರೇ ಜಾಸ್ತಿ.

ಖರ್ಚಿನ ವಿಚಾರಕ್ಕೆ ಮೊದಲು ಕರಾರುಪತ್ರ ನೋಡಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ, ಅಗತ್ಯವಿದ್ದಾಗ ಪೈಪ್ ಬದಲಿಸುವುದನ್ನು ಮಾಲೀಕರಿಗೂ ಡ್ರೈನ್ ಕ್ಲೀನಿಂಗ್ ಅನ್ನು ಬಾಡಿಗೆದಾರರಿಗೂ ಹಂಚುತ್ತದೆ. ಅದು ಮಾದರಿ ಮಾತ್ರ, ರಾಜ್ಯ ಒಪ್ಪಿ ಜಾರಿಗೆ ತಂದರಷ್ಟೇ ಬಲ. ಸಿಂಕಿಂದ ನೆಲದ ಬಾಯಿವರೆಗಿನ ಅಗ್ಗದ ಪೈಪನ್ನು ನೀವೇ ಹಾಕಿಸಿ, ಫೋಟೊ ಮತ್ತು ಬಿಲ್ ಓನರ್‌ಗೆ ವಾಟ್ಸ್‌ಆ್ಯಪ್ ಮಾಡಿಬಿಡುವುದು ಜಗಳಕ್ಕಿಂತ ಲೇಸು. ಗೋಡೆ, ನೆಲದೊಳಗಿನ ಪೈಪ್ ಮಾತ್ರ ಮುಟ್ಟಬೇಡಿ. ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ತೇವದ ಕಲೆ ಕಂಡರೆ ಅದೇ ದಿನ ಓನರ್‌ಗೆ ಫೋಟೊ ಸಮೇತ ಬರೆದು ತಿಳಿಸಿ.