ಟೊಮೆಟೊಗೆ ಒಳ್ಳೆ ರೇಟ್ ಸಿಕ್ಕಾಗ ಬಂದ ದುಡ್ಡನ್ನು ಹೇಗೆ ನಿಭಾಯಿಸಬೇಕು?

ಮೊದಲು ಕೈಸಾಲ ತೀರಿಸಿ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ಕಡಿಮೆ ಅನಿಸುತ್ತದೆ. ಆದರೆ ಅದು ತಿಂಗಳ ಲೆಕ್ಕ, ವರ್ಷಕ್ಕೆ ಶೇ 36 ಆಯಿತು! ಅದೇ ಕಿಸಾನ್ ಕ್ರೆಡಿಟ್ ಕಾರ್ಡ್‌ನಲ್ಲಿ 3 ಲಕ್ಷದವರೆಗಿನ ಬೆಳೆಸಾಲವನ್ನು ಸಮಯಕ್ಕೆ ಕಟ್ಟಿದರೆ ಬೀಳುವುದು ಶೇ 4 ಅಷ್ಟೇ.

ಆಮೇಲೆ ಮುಂದಿನ ಬೆಳೆಯ ಸಸಿ, ಗೊಬ್ಬರ, ಕೂಲಿ ಖರ್ಚನ್ನು ಬೇರೆ ಖಾತೆಗೆ ಹಾಕಿಬಿಡಿ. 2023ರ ಜುಲೈನಲ್ಲಿ ನಮ್ಮ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆ ರೇಟ್ ನಂಬಿ ಲೆಕ್ಕ ಹಾಕಬೇಡಿ. ಕಿತ್ತ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದದ್ದನ್ನೂ ನೋಡಿದ್ದೇವೆ ಅಲ್ವಾ? ಮನೆ ಖರ್ಚು ಡೈರಿ ಹಾಲಿನ ದುಡ್ಡಲ್ಲೇ ಸಾಗಲಿ.

ಉಳಿದದ್ದನ್ನೆಲ್ಲ ಹೊಸ ಬೋರ್‌ವೆಲ್‌ಗೆ ಸುರಿಯಬೇಡಿ. ಸಾವಿರ ಅಡಿ ಕೊರೆದರೂ ನೀರು ಖಾತ್ರಿಯಿಲ್ಲ. ಇರುವ ನೀರಿಗೇ ಡ್ರಿಪ್ ಹಾಕಿಸಿ, ಸಬ್ಸಿಡಿ ಬಗ್ಗೆ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.