ಗಡಿಯಾರ ಇಳಿಸಿದ ಗೋಡೆ

ಪ್ರಶ್ನೆ: ಮೇಡಂ, ನಾವು ನಾಲ್ವರು ಮಾಧ್ಯಮ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿಗಳು. ಗೆಳೆಯರ ಬ್ಯಾಂಡಿನ ಕನ್ನಡ ಹಾಡೊಂದಕ್ಕೆ ಮ್ಯೂಸಿಕ್ ವಿಡಿಯೊ ಮಾಡಿದ್ದೇವೆ. ಬಾಡಿಗೆ ಮನೆ ಖಾಲಿ ಮಾಡುವ ದಿನದ ಕಥೆ. ಸಾಮಾನು ಕಟ್ಟುವುದರಿಂದ ಶುರುವಾಗಿ, ಹುಡುಗಿ ಬಾಗಿಲಿಗೆ ಬೀಗ ಹಾಕುವಲ್ಲಿಗೆ ಮುಗಿಯುತ್ತದೆ. ಇದರ ಜೊತೆ ಬ್ಯಾಂಡಿನ ಆಲ್ಬಂಗೆ ಆರು ಮುಖದ ಡಿಜಿಪ್ಯಾಕ್ (ಮಡಚುವ ರಟ್ಟಿನ ಸಿಡಿ ಹೊದಿಕೆ) ಮಾಡಿಕೊಡಬೇಕು. ಬೀಗ ಹಾಕುವ ಫ್ರೇಮನ್ನೇ ಕವರ್‌ಗೆ ಹಾಕಿದೆವು. ಕಂಪ್ಯೂಟರಿನಲ್ಲಿ ಚೆನ್ನಾಗಿತ್ತು, ಪ್ರಿಂಟ್ ತೆಗೆದರೆ ಮಸುಕು. ಮೇಷ್ಟ್ರು ‘ಸಿನಿಮಾ ಪೋಸ್ಟರ್ ಇದ್ದ ಹಾಗಿದೆ’ ಅಂದುಬಿಟ್ಟರು. ಇನ್ನು ಮೂರು ವಾರ ಇದೆ. ವಿಡಿಯೊ, ಕವರ್ ಎರಡನ್ನೂ ಕಳಿಸಿದ್ದೇವೆ, ನೋಡಿ ಹೇಳಿ.

ಉತ್ತರ: ನೋಡಿದೆ. ವಿಡಿಯೊ ಮೂರು ಸಲ, ಕವರ್ ಒಂದೇ ಸಲ. ಮೇಷ್ಟ್ರು ಹೇಳಿದ್ದು ಸರಿ, ಆದರೆ ಆ ಮಾತಿಗೆ ಆಮೇಲೆ ಬರೋಣ. ಮೊದಲು ಮಸುಕಿನ ಲೆಕ್ಕ ಮುಗಿಸೋಣ.

ನಿಮ್ಮ ವಿಡಿಯೊ ಫುಲ್ ಎಚ್‌ಡಿ. ಅಂದರೆ ಒಂದು ಫ್ರೇಮಿನ ಅಗಲ 1920 ಪಿಕ್ಸೆಲ್, ಎತ್ತರ 1080. ಮುದ್ರಣಕ್ಕೆ ಸಾಮಾನ್ಯವಾಗಿ ಇಂಚಿಗೆ 300 ಪಿಕ್ಸೆಲ್ ಬೇಕು. ಆ ಲೆಕ್ಕದಲ್ಲಿ 1080 ಪಿಕ್ಸೆಲ್ ಸಾಲುವುದು ಸುಮಾರು 91 ಮಿ.ಮೀ.ಗೆ. ಡಿಜಿಪ್ಯಾಕಿನ ಒಂದು ಮುಖ ಸುಮಾರು 139 × 125 ಮಿ.ಮೀ. ಇರುತ್ತದೆ, ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಕಾಣದಿರಲಿ ಎಂದು ಚಿತ್ರವನ್ನು ಸುತ್ತಲೂ 3 ಮಿ.ಮೀ. ಹೆಚ್ಚಿಗೆ ಚಾಚಬೇಕು (ಇದಕ್ಕೆ ಬ್ಲೀಡ್ ಅನ್ನುತ್ತಾರೆ), ಹಾಗಾಗಿ ಎತ್ತರ 131 ಮಿ.ಮೀ. ಆಯಿತು. ಅದಕ್ಕೆ ಬೇಕಾದದ್ದು 1547 ಪಿಕ್ಸೆಲ್. ನಿಮ್ಮಲ್ಲಿ ಇಲ್ಲದ ನಾನೂರೈವತ್ತು ಚಿಲ್ಲರೆ ಪಿಕ್ಸೆಲ್ಲನ್ನು ಕಂಪ್ಯೂಟರ್ ಊಹೆಯ ಮೇಲೆ ತುಂಬಿಕೊಂಡಿದೆ, ಅದೇ ಮಸುಕು. ಸಾಲದ್ದಕ್ಕೆ ಸೆಕೆಂಡಿಗೆ 25 ಫ್ರೇಮ್ ವಿಡಿಯೊದಲ್ಲಿ ಸಾಮಾನ್ಯವಾಗಿ ಒಂದೊಂದು ಫ್ರೇಮನ್ನೂ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತು ತೆರೆದಿಟ್ಟಿರುತ್ತಾರೆ. ಓಡುವ ಚಿತ್ರದಲ್ಲಿ ಕೈಯ ಚಲನೆ ನಯವಾಗಿ ಕಾಣಲು ಅದು ಬೇಕು. ನಿಲ್ಲಿಸಿ ನೋಡಿದರೆ ಬೀಗ ತಿರುಗಿಸುತ್ತಿರುವ ಆ ಬೆರಳುಗಳಿಗೆ ಅಂಚೇ ಇಲ್ಲ. ಇನ್ನು, ಅಡ್ಡಗಲದ ಫ್ರೇಮನ್ನು ಈ ಅಳತೆಗೆ ಕತ್ತರಿಸಿದಾಗ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಗುತ್ತದೆ. ನೀವು ಕಳೆದುಕೊಂಡದ್ದು ಖಾಲಿ ವರಾಂಡವನ್ನು. ಆ ದೃಶ್ಯದ ಜೀವ ಇದ್ದದ್ದೇ ಅಲ್ಲಿ.

ಕವರ್‌ನ ಫೋಟೊವನ್ನು ಶೂಟಿಂಗ್ ದಿನವೇ ಬೇರೆ ಕ್ಯಾಮೆರಾದಲ್ಲಿ ತೆಗೆದಿಟ್ಟುಕೊಳ್ಳಬೇಕಿತ್ತು. ಮುಂದಿನ ಸಲ ನಾಲ್ವರಲ್ಲಿ ಒಬ್ಬರಿಗೆ ಅದೊಂದೇ ಕೆಲಸ ಕೊಡಿ.

ಈಗ ಮೇಷ್ಟ್ರ ಮಾತು. ಪೋಸ್ಟರ್ ದೂರದಿಂದ ನೋಡುವಂಥದ್ದು. ಅದಕ್ಕೆ ಮುಖ ಬೇಕು, ಕಥೆಯ ಸುಳಿವು ಬೇಕು. ಡಿಜಿಪ್ಯಾಕ್ ಕೈಯಲ್ಲಿ ಹಿಡಿಯುವಂಥದ್ದು. ಅದನ್ನು ಬಿಚ್ಚುತ್ತಾರೆ, ತಿರುಗಿಸುತ್ತಾರೆ, ಒಳಗಿನಿಂದ ಡಿಸ್ಕ್ ಎಬ್ಬಿಸುತ್ತಾರೆ. ಬೆರಳಿಗೆ ಏನಾದರೂ ಕೆಲಸ ಇರಬೇಕು. ನಿಮ್ಮದರಲ್ಲಿ ಆರು ಮುಖಗಳಲ್ಲೂ ಅದೇ ಹುಡುಗಿ ಆರು ದಿಕ್ಕಿಗೆ ನೋಡುತ್ತಿದ್ದಾಳೆ. ಪಾಪ, ಅವಳಿಗೂ ಸಾಕಾಗಿರಬೇಕು.

ಬೇಕಾದದ್ದು ನಿಮ್ಮ ವಿಡಿಯೊದಲ್ಲೇ ಇದೆ. ಎರಡನೇ ನಿಮಿಷದ ಹೊತ್ತಿಗೆ ಅಪ್ಪ ಕುರ್ಚಿ ಹತ್ತಿ ಗೋಡೆ ಗಡಿಯಾರ ಇಳಿಸುತ್ತಾರೆ. ವರ್ಷಗಟ್ಟಲೆ ಧೂಳು ಹಿಡಿದು ಗೋಡೆ ಮಾಸಿದೆ, ಗಡಿಯಾರ ಇದ್ದ ಜಾಗ ಮಾತ್ರ ದುಂಡಗೆ, ಬಳಿದ ದಿನದ ಬಣ್ಣದಲ್ಲೇ ಉಳಿದಿದೆ. ಮೇಲ್ಗಡೆ ಒಂದು ಮೊಳೆ. ಎರಡೇ ಸೆಕೆಂಡು ಇರುವ ಈ ಶಾಟನ್ನು ಬೇಕೆಂದು ತೆಗೆದಿರೋ, ತಾನಾಗಿ ಸಿಕ್ಕಿತೋ ಗೊತ್ತಿಲ್ಲ. ನನಗೆ ಇಡೀ ಹಾಡು ಅದರಲ್ಲೇ ಕಂಡಿತು.

ಡಿಸ್ಕ್ 120 ಮಿ.ಮೀ. ವ್ಯಾಸದ ದುಂಡು. ಗಡಿಯಾರವೂ ದುಂಡು. ಡಿಸ್ಕ್ ಕೂರುವ ತಟ್ಟೆ ಪಾರದರ್ಶಕ ಪ್ಲಾಸ್ಟಿಕ್ಕಿನದಿರಲಿ, ಕಪ್ಪಿನದು ಬೇಡ. ತಟ್ಟೆಯ ಕೆಳಗಿನ ಮುಖದಲ್ಲಿ ಆ ಮಾಸಿದ ಗೋಡೆಯ ಫೋಟೊ ಹಾಕಿ. ಗಡಿಯಾರದ ಗುರುತು ಸರಿಯಾಗಿ ಡಿಸ್ಕಿನ ಅಡಿಗೆ ಬರಬೇಕು, ಡಿಸ್ಕಿಗಿಂತ ಕೂದಲೆಳೆಯಷ್ಟು ಚಿಕ್ಕದಿರಲಿ. ಡಿಸ್ಕಿನ ಮೇಲೆ ಗಡಿಯಾರದ ಮುಖ. ಹಾಡು ಕೇಳಬೇಕೆಂದು ಡಿಸ್ಕ್ ಎತ್ತಿದವರು ತಮ್ಮ ಕೈಯಾರೆ ಗಡಿಯಾರ ಇಳಿಸಿದ ಹಾಗಾಗುತ್ತದೆ. ಒಂದು ಎಚ್ಚರಿಕೆ: ಅಂಕಿಗಳನ್ನು ಹಾಕಬೇಡಿ, ಹನ್ನೆರಡು ಗೆರೆ ಸಾಕು. ಡಿಸ್ಕ್ ತಟ್ಟೆಯಲ್ಲಿ ಹೇಗೆ ಬೇಕಾದರೂ ತಿರುಗಿ ಕೂರುತ್ತದೆ, ಹನ್ನೆರಡು ಹೋಗಿ ನಾಲ್ಕರ ಜಾಗದಲ್ಲಿ ಕೂತರೆ ಕಟ್ಟಿದ್ದೆಲ್ಲ ಕಳಚಿಬಿತ್ತು. ಗೆರೆಗಳಿಗೆ ತಲೆ–ಕಾಲು ಇಲ್ಲ. ಮುಳ್ಳುಗಳೂ ಬೇಡ, ನಡುವಿನ 15 ಮಿ.ಮೀ. ತೂತು ಅವುಗಳ ಬುಡವನ್ನೇ ನುಂಗುತ್ತದೆ.

ಆ ಮನೆ ಈಗ ಬೇರೆಯವರ ಪಾಲಾಗಿದ್ದರೆ ಚಿಂತೆ ಇಲ್ಲ. ದೊಡ್ಡ ರಟ್ಟಿಗೆ ಬಣ್ಣ ಬಳಿದು, ನಡುವೆ ಊಟದ ತಟ್ಟೆಯೊಂದನ್ನು ಕವುಚಿಟ್ಟು, ಸುತ್ತ ಒದ್ದೆ ಬಟ್ಟೆಯಲ್ಲಿ ಚಹಾದ ಕಷಾಯ ಒತ್ತಿ. ನಾನು ಎರಡು ಸಲ ಮಾಡಿದ್ದೇನೆ, ಯಾರೂ ಪತ್ತೆ ಹಚ್ಚಲಿಲ್ಲ. ಮೊಳೆ ಮಾತ್ರ ನಿಜವಾದದ್ದೇ ಹೊಡೆಯಿರಿ, ಬೆಳಕು ಪಕ್ಕದಿಂದ ಬಿದ್ದು ಅದರ ನೆರಳು ಕಾಣಬೇಕು.

ಮುಂಬದಿಗೆ ಟೇಪ್ ಅಂಟಿಸಿದ ರಟ್ಟಿನ ಪೆಟ್ಟಿಗೆ. ‘ಪುಸ್ತಕ’, ‘ಗಾಜು, ಜೋಪಾನ’ ಎಂದೆಲ್ಲ ಪೆಟ್ಟಿಗೆಗಳ ಮೇಲೆ ಮಾರ್ಕರಿನಲ್ಲಿ ಬರೆಯುತ್ತೀರಲ್ಲ, ಆಲ್ಬಂ ಹೆಸರೂ ಹಾಗೇ ಬರಲಿ. ನಿಮ್ಮಲ್ಲಿ ಯಾರ ಕೈಬರಹ ಅತಿ ಕೆಟ್ಟದೋ ಅವರೇ ಬರೆಯಲಿ. ಹಿಂಬದಿಯ ಎಂಟು ಹಾಡುಗಳ ಪಟ್ಟಿಗೂ ಅದೇ ಕೈ. ಉಳಿದ ಮುಖಗಳಲ್ಲಿ ಒಂದಕ್ಕೆ ಸಾಹಿತ್ಯ, ಒಂದಕ್ಕೆ ಕಲಾವಿದರ ಹೆಸರುಗಳು, ಒಂದು ಬರೀ ಗೋಡೆ. ಖಾಲಿ ಬಿಡಲು ಹೆದರಬೇಡಿ, ಕಥೆಯೇ ಖಾಲಿ ಮನೆಯದ್ದು.

ಮೂರು ವಾರದಲ್ಲಿ ಮೊದಲ ದಿನ ಕಂಪ್ಯೂಟರ್ ಮುಟ್ಟಬೇಡಿ. ಬಿಳಿ ಹಾಳೆಯನ್ನು ಅಳತೆಗೆ ಕತ್ತರಿಸಿ, ಮಡಚಿ, ಪ್ರತಿ ಮುಖದ ಮೇಲೂ ಪೆನ್ಸಿಲಿನಲ್ಲಿ ಅಂಕಿ ಬರೆಯಿರಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥ ಡಮ್ಮಿ ಮಾಡದೆ ನೇರ ಲೇಔಟಿಗೆ ಕೂತೆ. ಹಾಳೆ ಮಗುಚಿದಾಗ ಎಡಬಲ ಅದಲುಬದಲಾಗುತ್ತದೆ ಎನ್ನುವುದು ತಲೆಗೇ ಹೊಳೆಯಲಿಲ್ಲ. ಸಾವಿರ ಪ್ರತಿ ಅಚ್ಚಾಗಿ ಬಂದ ಮೇಲೆ ಬಿಚ್ಚಿ ನೋಡಿದರೆ, ಹಾಡಿನ ಎರಡನೇ ಚರಣ ಮೊದಲು, ಪಲ್ಲವಿ ಆಮೇಲೆ. ಗಾಯಕರು ದೊಡ್ಡ ಮನುಷ್ಯರು, ‘ಹೀಗೂ ಹಾಡಬಹುದು ಬಿಡಿ’ ಅಂದರು. ನಮ್ಮ ಕಚೇರಿಯ ಯಜಮಾನರು ಅಷ್ಟು ದೊಡ್ಡವರಲ್ಲ. ಅಂದಿನಿಂದ ನನ್ನ ಮೇಜಿನ ಮೇಲೆ ಮೊದಲು ಬರುವುದು ಕತ್ತರಿ.

ಡಮ್ಮಿ ಮಡಚಿದಾಗ ಇನ್ನೊಂದು ಗೊತ್ತಾಗುತ್ತದೆ: ಒಳಗೆ ಮಡಚಿಕೊಳ್ಳುವ ಮುಖ ಉಳಿದವಕ್ಕಿಂತ ಒಂದು ಮಿ.ಮೀ.ನಷ್ಟು ಕಿರಿದಿರಬೇಕು, ಇಲ್ಲದಿದ್ದರೆ ಉಬ್ಬುತ್ತದೆ. ನಾನು ಕೊಟ್ಟ ಅಳತೆಗಳು ಅಂದಾಜಿಗೆ ಮಾತ್ರ. ಕೊನೆಯ ಅಳತೆ ಅಚ್ಚು ಹಾಕುವವರದ್ದು, ಅವರ ಟೆಂಪ್ಲೇಟ್ ಕೇಳಿ ತರಿಸಿಕೊಳ್ಳಿ.

ಪ್ರಶ್ನೆ: (ಅದೇ ಪತ್ರದ ಕೊನೆಯಲ್ಲಿ) ಡಿಜಿಪ್ಯಾಕಿನ ಬೆನ್ನಿನ (ಕಪಾಟಿನಲ್ಲಿಟ್ಟಾಗ ಕಾಣುವ ಸಣ್ಣ ಪಟ್ಟಿಯ) ಮೇಲೆ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರಗಳೆಲ್ಲ ಒಡೆದು ಪಕ್ಕಕ್ಕೆ ಬಂದು ಕೂರುತ್ತಿವೆ.

ಉತ್ತರ: ಫಾಂಟಿನ ತಪ್ಪಿರಲಾರದು. ನಿಮ್ಮ ತಂತ್ರಾಂಶ ಅಕ್ಷರಗಳನ್ನು ಇಂಗ್ಲಿಷಿನಂತೆ ಒಂದರ ಪಕ್ಕ ಒಂದು ಜೋಡಿಸುತ್ತಿದೆ. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್ ಆದರೆ ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿ. ಯುನಿಕೋಡ್ ಫಾಂಟ್ ಬಳಸಿದ್ದರೆ ಒತ್ತುಗಳು ಮರಳಿ ಕೆಳಗೆ ಬರುತ್ತವೆ. ಅಚ್ಚಿಗೆ ಕಳಿಸುವ ಮೊದಲು ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಬರೀ ಆಕಾರಗಳಾಗಿ ಬದಲಿಸಿ, ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರಬೇಕೆಂದಿಲ್ಲ. ತಿದ್ದಲು ಬರುವಂಥ ಒಂದು ಪ್ರತಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ಬೆನ್ನಿನ ಅಗಲ ಐದಾರು ಮಿ.ಮೀ. ಅಷ್ಟರಲ್ಲೇ ‘ಸ್ತ್ರೀ’ಯ ಒತ್ತೂ ಹಿಡಿಯಬೇಕು, ‘ಕಿ’ಯ ಗುಡಿಸೂ ಹಿಡಿಯಬೇಕು. ಇಂಗ್ಲಿಷ್ ಹೆಸರಿಗಿಂತ ಒಂದೆರಡು ಪಾಯಿಂಟ್ ಚಿಕ್ಕದಾಗಿಟ್ಟು, ಒತ್ತುಗಳನ್ನೂ ಸೇರಿಸಿ ನಡುವನ್ನು ಅಳೆಯಿರಿ. ಅಕ್ಷರಗಳನ್ನು ಒಂದರ ಕೆಳಗೊಂದು ಪೇರಿಸುವ ಚಟ ಕೆಲವರಿಗಿದೆ. ಕನ್ನಡಕ್ಕೆ ಅದು ಒಗ್ಗದು, ಯಾವ ಒತ್ತು ಯಾರದ್ದೆಂದೇ ತಿಳಿಯುವುದಿಲ್ಲ. ಸಾಲನ್ನೇ ಅಡ್ಡ ಮಲಗಿಸಿ.

ಪ್ರಶ್ನೆ: ಈಗ ಎಲ್ಲರೂ ಮೊಬೈಲಿನಲ್ಲೇ ಹಾಡು ಕೇಳುತ್ತಾರೆ. ಸಿಡಿ ಹೊದಿಕೆ ಮಾಡಿಸುವುದು ವಿದ್ಯಾರ್ಥಿಗಳ ಸಮಯ ಹಾಳು ಮಾಡಿದಂತಲ್ಲವೇ? (ಬೇರೊಬ್ಬ ಓದುಗರು, ಸ್ವಲ್ಪ ಕೋಪದಿಂದ)

ಉತ್ತರ: ನೀವು ಕೇಳಿದ್ದು ಹೊಸ ಪ್ರಶ್ನೆಯೇನಲ್ಲ. ಹಾಡು ಕೇಳಲು ಹೊದಿಕೆ ಯಾವ ಕಾಲಕ್ಕೂ ಬೇಕಿರಲಿಲ್ಲ. ಗ್ರಾಮಫೋನ್ ತಟ್ಟೆಗಳು ಬಹುಕಾಲ ಸಾದಾ ಕಾಗದದ ಚೀಲದಲ್ಲೇ ಮಾರಾಟವಾದವು. ಹಲವು ತಟ್ಟೆಗಳನ್ನು ಫೋಟೊ ಆಲ್ಬಂ ಹಾಗೆ ಪುಸ್ತಕ ಕಟ್ಟಿ ಕೊಡುತ್ತಿದ್ದರಿಂದಲೇ ‘ಆಲ್ಬಂ’ ಎಂಬ ಹೆಸರು ಬಂದದ್ದು. ಅಮೆರಿಕದ ಕೊಲಂಬಿಯಾ ರೆಕಾರ್ಡ್ಸ್‌ನಲ್ಲಿ ಕಲಾ ನಿರ್ದೇಶಕರಾಗಿದ್ದ ಅಲೆಕ್ಸ್ ಸ್ಟೈನ್‌ವೈಸ್ 1940ರಲ್ಲಿ ಆ ಹೊದಿಕೆಗೆ ಚಿತ್ರ ಹಾಕಿಸಿದರು. ಆಮೇಲೆ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಓಡುವ ದೊಡ್ಡ ತಟ್ಟೆ ಬಂತು, 1982ರಲ್ಲಿ ಸಿಡಿ ಬಂದು ಮುಂಬದಿಯ ಜಾಗವನ್ನು ಸುಮಾರು ಏಳರಲ್ಲಿ ಒಂದು ಪಾಲಿಗೆ ಇಳಿಸಿತು. ಮೊಬೈಲ್ ಪರದೆಯಲ್ಲಿ ಅದು ಉಗುರಿನಷ್ಟಾಗಿದೆ. ಹೋಗಿಲ್ಲ ಮಾತ್ರ.

ಉಗುರಿನಷ್ಟು ಚೌಕಕ್ಕೇ ಸ್ಟ್ರೀಮಿಂಗ್ ಸಂಸ್ಥೆಗಳು ಸಾಮಾನ್ಯವಾಗಿ 3000 × 3000 ಪಿಕ್ಸೆಲ್ ಚಿತ್ರ ಕೇಳುತ್ತವೆ. ಆರು ಮುಖದಲ್ಲಿ ಏನು ಹೇಳಬೇಕು, ಏನು ಬಿಡಬೇಕು ಎಂದು ತಿಣುಕಿದವರಿಗೆ ಆ ಒಂದು ಚೌಕ ಸುಲಭ. ಸಮಯದ ಬಗ್ಗೆ ನಿಮ್ಮ ಕೋಪ ನ್ಯಾಯವೇ. ಸಾವಿರ ಪ್ರತಿ ಅಚ್ಚು ಹಾಕಿಸಿ ಎಂದು ಯಾರಾದರೂ ಹೇಳಿದರೆ ನಾನೂ ನಿಮ್ಮ ಜೊತೆ ಸೇರುತ್ತೇನೆ. ಎರಡು ಪ್ರತಿ ಸಾಕು.

ಪ್ರಶ್ನೆ: ಹಿಂಬದಿಯಲ್ಲಿ ವೃತ್ತದೊಳಗೆ ಸಿ, ವೃತ್ತದೊಳಗೆ ಪಿ ಹಾಕುತ್ತಾರಲ್ಲ, ನಾವೂ ಹಾಕಬೇಕೇ? ಬಾರ್‌ಕೋಡ್? (ಇದು ಇನ್ನೊಂದು ತಂಡ)

ಉತ್ತರ: ಹಾಕಿ, ಆದರೆ ಅರ್ಥ ತಿಳಿದು ಹಾಕಿ. ಪಿ ಎಂದರೆ ಆ ಧ್ವನಿಮುದ್ರಣದ ಹಕ್ಕು; ಸಿ ಎಂದರೆ ಇಲ್ಲಿ ಹೊದಿಕೆಯ ಚಿತ್ರ, ಬರಹ, ವಿನ್ಯಾಸದ ಹಕ್ಕು. ಎರಡರ ಮಾಲೀಕರು ಬೇರೆ ಬೇರೆ ಇರಬಹುದು. ನಿಮ್ಮ ವಿಷಯದಲ್ಲಿ ಮೊದಲನೆಯದು ಬ್ಯಾಂಡಿನದು, ಎರಡನೆಯದು ನಿಮ್ಮದು. ಅಂತರ್ಜಾಲದಿಂದ ಎತ್ತಿಕೊಂಡ ಫೋಟೊ ಹಾಕಿ ಪಕ್ಕದಲ್ಲಿ ನಿಮ್ಮ ಹೆಸರಿನ ಸಿ ಹಾಕಿದರೆ ಅದು ಸುಳ್ಳು. ಬಾರ್‌ಕೋಡ್‌ಗೆ ಜಾಗ ಬಿಟ್ಟರೆ ಸಾಕು. ಬಿಳಿ ಹಿನ್ನೆಲೆ, ಕಪ್ಪು ಗೆರೆ, ಎರಡೂ ಬದಿ ಸ್ವಲ್ಪ ಖಾಲಿ. ಕೆಂಪು ಗೆರೆ ಚೆಂದ ಎಂದು ಹಾಕಬೇಡಿ, ಅಂಗಡಿಯ ಕೆಂಪು ಬೆಳಕಿನ ಸ್ಕ್ಯಾನರಿಗೆ ಅದು ಕಾಣುವುದೇ ಇಲ್ಲ.

ಬ್ಯಾಂಡಿನವರಿಂದ ಅನುಮತಿಯ ಎರಡು ಸಾಲು ಕೈಬರಹದಲ್ಲಿ ಪಡೆಯಿರಿ. ಅದೇ ಹಾಳೆಯ ಮೇಲೆ ಒಬ್ಬೊಬ್ಬರೂ ತಮ್ಮ ಹೆಸರನ್ನು ತಾವೇ ಬರೆದುಕೊಡಲಿ, ಮುಖ್ಯವಾಗಿ ಡ್ರಮ್ ಬಾರಿಸುವವರು. ನಾನು ಕಂಡ ಹೊದಿಕೆಗಳಲ್ಲಿ ಕಾಗುಣಿತ ತಪ್ಪುವುದು ಯಾವಾಗಲೂ ಅವರ ಹೆಸರಿನದ್ದೇ.